ಗೀಳು ಕಾಯಿಲೆಗೆ ಸಂಜೆ ಹೊತ್ತಿನ ಚಿಕಿತ್ಸೆ ಕೊಡಿಸಿ: ಕಲ್ಯಾಣ–ಡೊಂಬಿವಲಿ ಪಾಲಿಕೆಯ ಆಯುಕ್ತರಿಗೊಂದು ಬಹಿರಂಗ ಪತ್ರ

ಕಲ್ಯಾಣ–ಡೊಂಬಿವಲಿ ಮಹಾನಗರ ಪಾಲಿಕೆಯ ಮಾನ್ಯ ಆಯುಕ್ತರೇ,

ಪೈಪ್‌ಲೈನ್ ದುರಸ್ತಿಗಾಗಿ ಇಂಥ ದಿನ ನೀರು ಬರುವುದಿಲ್ಲ ಎಂದು ನಿಮ್ಮ ಕಚೇರಿಯಿಂದ ಪ್ರಕಟಣೆ ಹೊರಟರೆ ಊರಿನವರು ಡ್ರಮ್ಮು, ಬಕೆಟ್ಟು ತುಂಬಿಟ್ಟುಕೊಂಡು ಸುಮ್ಮನಾಗುತ್ತಾರೆ. ನನ್ನಂಥವರ ಮನೆಯಲ್ಲಿ ಆ ದಿನ ಜಗಳ, ಅಳು, ಕೆಲವೊಮ್ಮೆ ಉಪವಾಸ. ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೆಯದೆ ಅನ್ನ ಮುಟ್ಟಲಾಗದ ಕಾಯಿಲೆ ನನ್ನದು. ಡಾಕ್ಟರರು ಒಸಿಡಿ ಎನ್ನುತ್ತಾರೆ, ಕನ್ನಡದಲ್ಲಿ ಗೀಳು ಕಾಯಿಲೆ. ನೀರಿನ ವಿಷಯಕ್ಕೆ ನಿಮಗೆ ಬರೆಯುವವರು ಬಹಳ ಜನ ಇದ್ದಾರೆ. ಈ ಕಾಯಿಲೆಯ ಚಿಕಿತ್ಸೆಗಾಗಿ ನಾನು ಬರೆಯುತ್ತಿದ್ದೇನೆ. ಪತ್ರದ ಮರಾಠಿ ಪ್ರತಿ ನಿಮ್ಮ ಕಚೇರಿಗೆ ತಲುಪಿಸಿದ್ದೇನೆ. ಈ ಊರಿನ ಕನ್ನಡದ ಮನೆಗಳಲ್ಲಿ ಈ ಕಾಯಿಲೆಯನ್ನು ಮುಚ್ಚಿಟ್ಟುಕೊಂಡು ಕೂತವರೂ ಓದಲಿ ಎಂದು ಕನ್ನಡದಲ್ಲಿ ಪ್ರಕಟಿಸುತ್ತಿದ್ದೇನೆ.

ನಾನು ಧಾರವಾಡದ ಕಡೆಯವಳು, ಮದುವೆಯಾಗಿ ಇಲ್ಲಿಗೆ ಬಂದೆ. ಮಡಿ, ಮೈಲಿಗೆ, ಮುಸುರೆ ಎಂಬ ಲೆಕ್ಕಗಳು ನಮ್ಮ ಮನೆಗಳಲ್ಲಿ ಮೊದಲಿನಿಂದಲೂ ಇದ್ದುದರಿಂದ ನನ್ನ ಕಾಯಿಲೆಗೆ ಅಡಗಿಕೊಳ್ಳಲು ಒಳ್ಳೆಯ ಜಾಗ ಸಿಕ್ಕಿತು. ‘ನಮ್ಮ ಸೊಸೀದು ಭಾಳ ಮಡಿ’ ಎಂದು ಅತ್ತೆಯವರು ಬಂದವರ ಮುಂದೆ ಹೊಗಳುತ್ತಿದ್ದರು. ಆದರೆ ಮಡಿಗೆ ಒಂದು ಕೊನೆಯಿದೆ. ಮಿಂದು ಒಗೆದ ಸೀರೆ ಉಟ್ಟರೆ ದೇವರ ಮನೆಗೆ ಹೋಗಬಹುದು, ಮನಸ್ಸು ಒಪ್ಪುತ್ತದೆ. ನನ್ನ ತೊಳೆಯುವಿಕೆಗೆ ಆ ಕೊನೆಯೇ ಇರಲಿಲ್ಲ. ಮಿಂದು ಹೊರಬರುವಾಗ ಚಿಲಕ ಮುಟ್ಟಿದ್ದು ನೆನಪಾದರೆ ಮತ್ತೆ ಸ್ನಾನ. ಕೈಯ ಚರ್ಮ ಬಿರಿದು ರಕ್ತ ಬಂದಾಗ ಚರ್ಮದ ಡಾಕ್ಟರರಲ್ಲಿಗೆ ಹೋದೆ. ಮುಲಾಮು ಬರೆದುಕೊಟ್ಟರು. ದಿನಕ್ಕೆ ಎಷ್ಟು ಹೊತ್ತು ಕೈ ತೊಳೆಯುತ್ತೀಯಮ್ಮ ಎಂದು ಕೇಳಲಿಲ್ಲ.

ತೊಳೆಯುವುದು ಜನರ ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬೀಳದ ಪಾಲು ಇದಕ್ಕಿಂತ ಕ್ರೂರವಾದದ್ದು. ಬೆಳಗ್ಗೆ ಕಲ್ಯಾಣ ಸ್ಟೇಷನ್ನಿನಲ್ಲಿ ಫಾಸ್ಟ್ ಲೋಕಲ್ ಬರುವ ಹೊತ್ತಿಗೆ ಲೇಡೀಸ್ ಡಬ್ಬಿ ನಿಲ್ಲುವ ಜಾಗದಲ್ಲಿ ಹೆಂಗಸರು ಒತ್ತೊತ್ತಾಗಿ ನಿಂತಿರುತ್ತಾರೆ. ‘ಮುಂದಿರುವವಳನ್ನು ನಾನು ಹಳಿಗೆ ನೂಕಿಬಿಟ್ಟರೆ?’ ಎಂಬ ಯೋಚನೆ ತಲೆಗೆ ನುಗ್ಗುತ್ತಿತ್ತು. ನೂಕುವ ಇಚ್ಛೆ ಎಳ್ಳಷ್ಟೂ ಇರಲಿಲ್ಲ. ಇಲ್ಲದ್ದಕ್ಕೇ ಆ ಯೋಚನೆ ಬಂದರೆ ಮೈ ನಡುಗುತ್ತಿತ್ತು. ಎರಡೂ ಕೈಯಲ್ಲಿ ಬ್ಯಾಗು ಅವುಚಿ ಹಿಡಿದು ಗೋಡೆಗೆ ಒರಗಿ ನಿಲ್ಲುತ್ತಿದ್ದೆ, ಗಾಡಿಗಳು ಹೋಗುತ್ತಲೇ ಇರುತ್ತಿದ್ದವು. ಮನೆಯಲ್ಲಿ ದೀಪ ಹಚ್ಚಿ ದೇವರ ಮುಂದೆ ಕೂತರೆ ಜನ್ಮದಲ್ಲಿ ನಾಲಿಗೆಯ ಮೇಲೆ ತಾರದ ಬೈಗುಳಗಳು ದೇವರ ಹೆಸರಿನ ಜೊತೆ ತಾವಾಗಿ ಹೊಂದಿಕೊಳ್ಳುತ್ತಿದ್ದವು. ಇದನ್ನು ಯಾರ ಮುಂದೆ ಹೇಳುವುದು? ಗೀಳಿನ ಯೋಚನೆಗಳು ಇರುವುದೇ ಹೀಗೆ, ಯಾವುದು ಪ್ರಿಯವೋ ಪವಿತ್ರವೋ ಅದನ್ನೇ ಹಿಡಿಯುತ್ತವೆ, ಇಂಥ ಯೋಚನೆ ಬಂದವರು ಅಪಾಯದ ಜನರಲ್ಲ ಎಂದು ಮನಶ್ಶಾಸ್ತ್ರಜ್ಞೆಯೊಬ್ಬರು ಹೇಳುವವರೆಗೆ ನನ್ನನ್ನು ನಾನು ಪಾಪಿ ಎಂದೇ ತಿಳಿದಿದ್ದೆ.

ಮಾನ್ಯರೇ, ಈ ಕಾಯಿಲೆಗೆ ಪರಿಣಾಮಕಾರಿಯಾದ ಚಿಕಿತ್ಸೆಯಿದೆ. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞರು ಇಬ್ಬರು ರೋಗಿಗಳ ಮೇಲೆ ಮಾಡಿದ ಪ್ರಯೋಗವನ್ನು ಪ್ರಕಟಿಸಿದರು. ಆ ದಾರಿ ಬೆಳೆದು ಇಂದು ಇಆರ್‌ಪಿ (ಎಕ್ಸ್‌ಪೋಷರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್) ಎಂದು ಹೆಸರಾಗಿದೆ. ಭಯ ಹುಟ್ಟಿಸುವುದನ್ನು ಬೇಕೆಂದೇ ಎದುರಿಸಬೇಕು, ಆಮೇಲೆ ತೊಳೆಯುವುದು, ನೋಡಿ ಖಾತ್ರಿ ಮಾಡಿಕೊಳ್ಳುವುದು, ಪ್ರಾಯಶ್ಚಿತ್ತಕ್ಕೆ ಮಂತ್ರ ಹೇಳಿಕೊಳ್ಳುವುದು ಯಾವುದನ್ನೂ ಮಾಡದೆ ಕೂರಬೇಕು. ಕಜ್ಜಿ ಕೆರೆದಷ್ಟೂ ತುರಿಕೆ ಹೆಚ್ಚುವಂತೆ ತೊಳೆದಷ್ಟೂ ಗೀಳು ಬಲಿಯುತ್ತದೆ. ತೊಳೆಯದೆ ಕೂತರೆ ಆತಂಕ ಏರಿ, ಎದೆ ಒಡೆಯುತ್ತದೆ ಅನ್ನಿಸಿ, ನಿಧಾನವಾಗಿ ತಾನಾಗಿಯೇ ಇಳಿಯುತ್ತದೆ. ಸ್ಟೇಷನ್ನಿನ ಸೇತುವೆಯ ಕಂಬಿ ಹಿಡಿದು ಇಳಿದು, ಅದೇ ಕೈಯಲ್ಲಿ ಚಪಾತಿ ಮುರಿದು ತಿಂದ ಮೊದಲ ಸಂಜೆ ನಾನು ಬೆವೆತು ಹೋಗಿದ್ದೆ. ನಮ್ಮ ಯಜಮಾನರಿಗೂ ಪಾಠ ಇತ್ತು. ‘ಗ್ಯಾಸ್ ಆರಿಸಿದ್ದೀರಲ್ಲ?’ ಎಂದು ನಾನು ಕೇಳಿದಷ್ಟು ಸಲವೂ ಹೌದು, ಹೌದು ಎಂದು ಪ್ರೀತಿಯಿಂದ ಹೇಳುತ್ತಿದ್ದವರು, ಆ ಉತ್ತರ ಕೊಡದೆ ನನ್ನ ಪಕ್ಕದಲ್ಲಿ ಸುಮ್ಮನೆ ಕೂರುವುದನ್ನು ಕಲಿತರು. ಅದು ಅವರಿಗೆ ನನಗಿಂತ ಕಷ್ಟವಾಯಿತೇನೋ.

ಎಷ್ಟೋ ಜನರಿಗೆ ಮಾತ್ರೆಗಳೂ ಬೇಕಾಗುತ್ತವೆ. ಖಿನ್ನತೆಗೆ ಕೊಡುವ ಮಾತ್ರೆಗಳೇ, ಆದರೆ ಅನೇಕರಿಗೆ ಹೆಚ್ಚಿನ ಪ್ರಮಾಣದಲ್ಲಿ, ಮತ್ತು ಗುಣ ಕಾಣಲು 8ರಿಂದ 12 ವಾರ ಕಾಯಬೇಕು. ಇದನ್ನು ಬಿಡಿಸಿ ಹೇಳುವವರಿಲ್ಲದೆ ಎಷ್ಟೋ ಜನ ಎರಡನೆಯ ವಾರಕ್ಕೇ ಮಾತ್ರೆ ಬಿಡುತ್ತಾರೆ. ನಾನು ಪೂರ್ತಿ ಗುಣವಾಗಿದ್ದೇನೆ ಎನ್ನಲಾರೆ. ಆದರೆ ಲೋಕಲ್ ಹತ್ತುತ್ತೇನೆ, ಅಡುಗೆ ಮಾಡಿ ಬಡಿಸುತ್ತೇನೆ.

ಈ ಚಿಕಿತ್ಸೆ ನನಗೆ ಸಿಕ್ಕಿದ್ದು ವಾರ ವಾರವೂ ಫೀಸು ಕೊಡುವ ಶಕ್ತಿ ನಮಗಿದ್ದುದರಿಂದ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಸಾವಿರ ವಯಸ್ಕರಲ್ಲಿ ಸುಮಾರು 8 ಮಂದಿಗೆ ಗೀಳು ಕಾಯಿಲೆ ಕಂಡಿತು. ಮಹಾರಾಷ್ಟ್ರ ಆ 12ರಲ್ಲಿ ಇರಲಿಲ್ಲ. ಆದರೂ ಅದೇ ಪ್ರಮಾಣ ಹಿಡಿದರೆ, 2011ರ ಜನಗಣತಿಯಲ್ಲೇ 12 ಲಕ್ಷ ದಾಟಿದ್ದ ನಿಮ್ಮ ಪಾಲಿಕೆಯಲ್ಲಿ ವಯಸ್ಕ ರೋಗಿಗಳೇ 6,000ಕ್ಕೂ ಹೆಚ್ಚು. ಅವರಲ್ಲಿ ಎಷ್ಟೋ ಜನ ಬೆಳಗ್ಗೆ ಗಾಡಿ ಹತ್ತಿ ಮುಂಬಯಿಗೆ ಹೋಗಿ ಕತ್ತಲಾದ ಮೇಲೆ ಮನೆ ಸೇರುವವರು. ಹಗಲಿನ ಒಪಿಡಿಗೆ ಹೋದರೆ ಅವರ ಪಾಲಿಗೆ ಒಂದು ದಿನದ ಸಂಬಳ ಹೋದಂತೆ.

ಆದ್ದರಿಂದ ಕಲ್ಯಾಣದ ರುಕ್ಮಿಣಿಬಾಯಿ ಆಸ್ಪತ್ರೆಯಲ್ಲೂ ಡೊಂಬಿವಲಿಯ ಶಾಸ್ತ್ರಿನಗರ ಆಸ್ಪತ್ರೆಯಲ್ಲೂ ವಾರಕ್ಕೆರಡು ದಿನ ರಾತ್ರಿ ಒಂಬತ್ತರವರೆಗೆ ಇಆರ್‌ಪಿ ಬಲ್ಲ ಮನಶ್ಶಾಸ್ತ್ರಜ್ಞರು ಸಿಗುವಂತೆ ಮಾಡಿ. ಬೇರೆ ಕಟ್ಟಡ, ಬೇರೆ ಬೋರ್ಡು ಬೇಡ. ಜ್ವರಕ್ಕೂ ಬಿಪಿಗೂ ಜನ ಹೋಗುವ ಬಾಗಿಲಿನಿಂದಲೇ ಇದಕ್ಕೂ ಹೋಗುವಂತಿರಲಿ. 1901ರಲ್ಲಿ ಠಾಣೆಯಲ್ಲಿ ಮನೋರೋಗ ಆಸ್ಪತ್ರೆ ಶುರುವಾದಾಗಿನಿಂದ ಈ ಕಡೆ ‘ಠಾಣೆಗೆ ಕಳಿಸಬೇಕು’ ಎಂಬ ಮಾತು ಬೈಗುಳವಾಗಿ ಉಳಿದುಬಿಟ್ಟಿದೆ, ಆ ಹೆದರಿಕೆಗೇ ಜನ ಬಾಯಿ ಬಿಡುವುದಿಲ್ಲ. ಅದೇ ಠಾಣೆಯಲ್ಲಿ ಡಾ. ಆನಂದ ನಾಡಕರ್ಣಿಯವರು 1990ರಲ್ಲಿ ಐಪಿಎಚ್ ಸಂಸ್ಥೆ ಕಟ್ಟಿ ಮನಸ್ಸಿನ ಆರೋಗ್ಯದ ಮಾತನ್ನು ಸಭೆ, ಶಾಲೆಗಳಿಗೆ ತಂದರು. ಸಾಮಾನ್ಯ ವೈದ್ಯರಿಗೆ ತರಬೇತಿ ಕೊಟ್ಟರೆ ಮಾನಸಿಕ ಚಿಕಿತ್ಸೆ ಹಳ್ಳಿಗೂ ತಲುಪುತ್ತದೆ ಎಂಬುದನ್ನು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ 1980ರ ದಶಕದಲ್ಲೇ ತೋರಿಸಿತು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡದ್ದು ಆ ಮಾದರಿಯ ಮೇಲೆ. ಹಳ್ಳಿಗೆ ಆದದ್ದು ಇಷ್ಟು ದೊಡ್ಡ ನಗರಕ್ಕೆ ಆಗದೆ?

ಇನ್ನು ಭಾಷೆಯ ಮಾತು. ಸಂತೆ, ಆಫೀಸು, ಬ್ಯಾಂಕು ಎಲ್ಲವನ್ನೂ ನಾನು ಮರಾಠಿಯಲ್ಲೇ ನಡೆಸುತ್ತೇನೆ. ಆದರೆ ದೇವರ ಮುಂದೆ ಬಂದ ಆ ಬೈಗುಳಗಳು ಕನ್ನಡದವು. ಅವನ್ನು ಗಟ್ಟಿಯಾಗಿ ಹೇಳುವುದೇ ಚಿಕಿತ್ಸೆಯ ಒಂದು ಭಾಗ, ಮರಾಠಿಯಲ್ಲಿ ಹೇಳಿದಾಗ ನನಗೆ ಆತಂಕವೇ ಏರುತ್ತಿರಲಿಲ್ಲ. ತಿಳಿಯುವ ಭಾಷೆಯಲ್ಲಿ ಮಾಹಿತಿ ಪಡೆಯುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 22ನೇ ಸೆಕ್ಷನ್ ಕೊಟ್ಟಿರುವ ಹಕ್ಕು. ಚಿಕಿತ್ಸೆಗೂ ಅದು ಸಲ್ಲಬೇಕು ಎಂಬುದು ನನ್ನ ಕೋರಿಕೆ. ಇದಕ್ಕೆ ಊರಿನ ಕನ್ನಡಿಗರನ್ನೇ ದುಭಾಷಿಯಾಗಿ ಕೂರಿಸಬೇಡಿ. ಇಲ್ಲಿನ ಕನ್ನಡದ ಬಳಗ ಚಿಕ್ಕದು, ಎಲ್ಲರೂ ಎಲ್ಲರಿಗೂ ಪರಿಚಿತರು. ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿ ಮಾತನಾಡುವವರು ಸಿಗುತ್ತಾರೆ. ಅದು ಒಳ್ಳೆಯ ಆಸರೆ, ಆದರೆ ವಾರ ವಾರದ ಇಆರ್‌ಪಿಗೆ ಸಾಲದು. ಆಸ್ಪತ್ರೆಯ ಒಂದು ಕೋಣೆಯಿಂದ ಕರ್ನಾಟಕದ ಮನಶ್ಶಾಸ್ತ್ರಜ್ಞರೊಡನೆ ವಿಡಿಯೋದಲ್ಲಿ ಮಾತನಾಡುವ ಏರ್ಪಾಡು ಮಾಡಿಕೊಡಿ. ಇಲ್ಲಿನ ತಮಿಳರಿಗೆ, ತೆಲುಗರಿಗೆ, ಗುಜರಾತಿಗಳಿಗೆ ಅವರವರ ಭಾಷೆಯಲ್ಲೂ ಅದೇ ಕೋಣೆ ಒದಗಲಿ.

ಇವುಗಳಿಗೆಲ್ಲ ಮಂಜೂರಾತಿ, ನೇಮಕಾತಿ ಎಂದು ಸಮಯ ಹಿಡಿಯುವುದು ನನಗೆ ಗೊತ್ತು. ಅಲ್ಲಿಯವರೆಗೆ ನಿಮ್ಮ ಆಸ್ಪತ್ರೆಗಳ ಚರ್ಮರೋಗ ವಿಭಾಗದ ಕೇಸ್ ಪೇಪರಿನಲ್ಲಿ ಒಂದು ಸಾಲು ಅಚ್ಚು ಹಾಕಿಸಿ: ‘ದಿನಕ್ಕೆ ಎಷ್ಟು ಹೊತ್ತು ತೊಳೆಯುವುದರಲ್ಲಿ ಕಳೆಯುತ್ತೀರಿ?’ ಒಂದು ಗಂಟೆಗಿಂತ ಹೆಚ್ಚು ಎಂದವರನ್ನು ಮುಲಾಮಿನ ಜೊತೆಗೆ ಮನೋವೈದ್ಯರಲ್ಲಿಗೂ ಕಳಿಸಲಿ. ಇದಕ್ಕೆ ಹೊಸ ಹುದ್ದೆ ಬೇಕಾಗಿಲ್ಲ, ಮುಂದಿನ ಸಲ ಕೇಸ್ ಪೇಪರು ಮುದ್ರಣಕ್ಕೆ ಹೋಗುವಾಗಲೇ ಆಗಬಹುದು.

ಇತಿ,
ಕಲ್ಯಾಣ ಪಶ್ಚಿಮದ ನಿವಾಸಿಯೊಬ್ಬಳು