ಮೊಂಡು ಚಿಲಕ ಕಲಿಸುವ ವಿಜ್ಞಾನ

ಹಳೆಯ ಮೋಟಾರುಕಾರುಗಳನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬಂದವರನ್ನು ಕಾಡುವ ತೊಂದರೆಗಳಲ್ಲಿ ಒಂದು ನೋಡುವುದಕ್ಕೆ ತೀರ ಸಣ್ಣದು: ಎಂಜಿನ್ನಿನ ಮೇಲಿನ ಮುಚ್ಚಳ, ಎಂದರೆ ಬಾನೆಟ್, ತೆರೆಯದೆ ಹೋಗುವುದು. ಅಂಗೈಯಗಲದ ಚಿಲಕವೊಂದು ಕೈಕೊಟ್ಟರೆ ಎಣ್ಣೆಯ ಮಟ್ಟವನ್ನು ನೋಡುವಂತಿಲ್ಲ, ರೇಡಿಯೇಟರಿಗೆ ನೀರು ಹಾಕುವಂತಿಲ್ಲ. ಇಂಥ ಸಮಯದಲ್ಲಿ ಬಹುಮಂದಿ ಕೈಗೆತ್ತಿಕೊಳ್ಳುವುದು ಸಲಾಕೆಯನ್ನು. ಚಿಲಕ ಬಿಡುವುದಿಲ್ಲ, ಮತ್ತೆ ಸುಲಭವಾಗಿ ದೊರೆಯದ ಹಳೆಯ ತಗಡು ಮಾತ್ರ ಸೊಟ್ಟಗಾಗುತ್ತದೆ. ಸಲಾಕೆಗೆ ಮೊದಲು ತರ್ಕವನ್ನು ಬಳಸಬೇಕು ಎಂಬುದು ನಮ್ಮ ವಾದ.

ಉದಾಹರಣೆಗೆ ಇಂಗ್ಲೆಂಡಿನ ಆಬಿಂಗ್‌ಡನ್ನಿನಲ್ಲಿ 1962ರಿಂದ 1980ರವರೆಗೆ ತಯಾರಾದ ಎಂಜಿಬಿ ಕಾರನ್ನು ತೆಗೆದುಕೊಳ್ಳೋಣ. ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಈ ಕಾರಿನ ಬಾನೆಟ್ ಹಿಂಬದಿಯ ಕೀಲುಗಳ ಮೇಲೆ ತಿರುಗಿ, ಮುಂಬದಿಯಿಂದ ಮೇಲೇಳುತ್ತದೆ. ಮುಂದಿನ ಅಂಚಿನ ಒಳಗಡೆ ಒಂದು ಗೂಟವುಂಟು. ಅದರ ಸುತ್ತ ಬಲವಾದ ಸುರುಳಿ ಸ್ಪ್ರಿಂಗ್. ಬಾನೆಟನ್ನು ಮುಚ್ಚಿದಾಗ ಗೂಟವು ಕೆಳಗಿನ ತಟ್ಟೆಯ ರಂಧ್ರದೊಳಕ್ಕೆ ಇಳಿಯುತ್ತದೆ. ಜಾರುವ ಅಗುಳಿಯೊಂದು ಅದರ ಕತ್ತಿನ ಕಚ್ಚಿಗೆ ಸಿಕ್ಕಿಕೊಳ್ಳುತ್ತದೆ. ಚಾಲಕನ ಬಳಿಯ ಹಿಡಿಯನ್ನು ಎಳೆದರೆ ತಂತಿಯು ಅಗುಳಿಯನ್ನು ಪಕ್ಕಕ್ಕೆ ಸರಿಸುತ್ತದೆ; ಸ್ಪ್ರಿಂಗ್ ಬಾನೆಟನ್ನು ಮೇಲಕ್ಕೆ ತಳ್ಳುತ್ತದೆ.

ಈ ತಂತಿ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಸೈಕಲ್ಲಿನ ಬ್ರೇಕಿನಲ್ಲಿರುವುದೂ ಅದೇ ಬೌಡನ್ ಕೇಬಲ್. ಅರ್ನೆಸ್ಟ್ ಬೌಡನ್ ಇದಕ್ಕೆ 1896ರಲ್ಲಿ ಪೇಟೆಂಟ್ ಪಡೆದನು. ಒಳಗಿನ ತಂತಿ ಎಳೆತವನ್ನು ಹೊರುತ್ತದೆ. ಹೊರಗಿನ ಕೊಳವೆ ಅಷ್ಟೇ ಪ್ರಮಾಣದ ಒತ್ತಡವನ್ನು ಹೊರುತ್ತದೆ. ಕೊಳವೆಯ ತುದಿ ತನ್ನ ಹಿಡಿತದಿಂದ ಜಾರಿದರೆ ಎಳೆದ ದೂರವೆಲ್ಲ ಕೊಳವೆಯ ಚಲನೆಯಲ್ಲಿಯೇ ಕಳೆದುಹೋಗಿ, ಅಗುಳಿ ಇದ್ದಲ್ಲೇ ಇರುತ್ತದೆ. ತಂತಿ ಗಟ್ಟಿಯಾಗಿದ್ದೂ ಬಾನೆಟ್ ತೆರೆಯದಿರುವುದಕ್ಕೆ ಇದೂ ಒಂದು ಕಾರಣ.

ಇಷ್ಟು ತಿಳಿದರೆ, ಒಳಗನ್ನು ಕಾಣದೆಯೇ ದೋಷವನ್ನು ಊಹಿಸಬಹುದು. ಹಿಡಿ ಯಾವ ತಡೆಯೂ ಇಲ್ಲದೆ ಸಡಿಲವಾಗಿ ಬಂದರೆ ತಂತಿ ಕಡಿದಿದೆ, ಇಲ್ಲವೆ ಅಗುಳಿಯಿಂದ ಕಳಚಿದೆ. ಹಿಡಿ ಅಲುಗಲೇ ಇಲ್ಲವೆಂದರೆ ಕೊಳವೆಯಲ್ಲಿಯೋ ಚಿಲಕದಲ್ಲಿಯೋ ತುಕ್ಕು ಹಿಡಿದಿದೆ. ಹಿಡಿ ಎಂದಿನಂತೆ ಚಲಿಸಿಯೂ ಬಾನೆಟ್ ಏಳದಿದ್ದರೆ ಕೊಳವೆ ಜಾರಿರಬಹುದು, ಗೂಟ ಓರೆಯಾಗಿರಬಹುದು, ಸ್ಪ್ರಿಂಗ್ ಸೋತಿರಬಹುದು. ವೈದ್ಯನು ನಾಡಿ ಹಿಡಿದು ರೋಗವನ್ನು ಅರಿಯುವಂತೆ ಇಲ್ಲಿ ಬೆರಳುಗಳೇ ಪರೀಕ್ಷಾ ಸಾಧನ.

ಹಿಡಿ ಬಿಗಿಯಾಗಿದ್ದರೆ ಮೊದಲ ಉಪಾಯವು ವಿಚಿತ್ರವೆನಿಸುವಂಥದು: ಬಾನೆಟನ್ನು ತೆರೆಯಬೇಕಾದರೆ ಮೊದಲು ಅದನ್ನು ಮುಚ್ಚುವ ದಿಕ್ಕಿನಲ್ಲಿ ಒತ್ತಬೇಕು! ಇದರಲ್ಲಿ ಮಾಟವೇನೂ ಇಲ್ಲ. ಸ್ಪ್ರಿಂಗು ಗೂಟವನ್ನು ಮೇಲಕ್ಕೆ ನೂಕುತ್ತ ಅಗುಳಿಗೆ ಒತ್ತಿ ಹಿಡಿದಿರುತ್ತದೆ. ಒತ್ತಡ ಹೆಚ್ಚಿದಷ್ಟೂ ಘರ್ಷಣೆ ಹೆಚ್ಚು ಎಂದು ಪಾಠಪುಸ್ತಕದಲ್ಲಿ ಓದಿದ್ದೇವೆ. ಒಬ್ಬರು ಚಿಲಕದ ನೇರಕ್ಕೆ ಅಂಗೈಯಿಂದ ಕೆಳಕ್ಕೆ ಒತ್ತಿದಾಗ ಆ ಭಾರ ಇಳಿಯುತ್ತದೆ; ಮತ್ತೊಬ್ಬರು ಹಿಡಿಯನ್ನು ಜಗ್ಗದೆ ಸಮನಾಗಿ ಎಳೆದರೆ ಅನೇಕ ವೇಳೆ ಅಗುಳಿ ಸರಿದುಬಿಡುತ್ತದೆ. ಹತ್ತು ಜನರ ಜಗ್ಗಾಟಕ್ಕೆ ಬಗ್ಗದುದು ಒಂದು ಅಂಗೈಗೆ ಬಗ್ಗುತ್ತದೆ.

ತುಕ್ಕಿನ ಸಂಗತಿ ಬೇರೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಆಕ್ರಮಿಸುತ್ತದೆ. ಆದುದರಿಂದ ಇಕ್ಕಟ್ಟಾದ ಸಂದುಗಳಲ್ಲಿ ಅದು ಬೆಣೆಯಂತೆ ಕೂರುತ್ತದೆ. ಇಲ್ಲಿ ತಾಳ್ಮೆಯೇ ಮದ್ದು. ತೆಳುವಾದ ಎಣ್ಣೆಯನ್ನು ಚಿಲಕಕ್ಕೆ ತಲಪಿಸಿ ರಾತ್ರಿಯೆಲ್ಲ ಬಿಟ್ಟರೆ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಅದು ಸಂದುಗಳೊಳಕ್ಕೆ ತಾನಾಗಿ ಹರಿಯುತ್ತದೆ. ತಂತಿಯು ಹಿಡಿಯ ಬುಡದಲ್ಲಿ ಕಡಿದಿದ್ದರೆ ಉಳಿದ ತುದಿಯನ್ನು ಇಕ್ಕಳದಿಂದ ಹಿಡಿದೆಳೆಯಬಹುದು. ಬೇರೆಡೆ ಕಡಿದಿದ್ದರೆ ಕಾರಿನ ಕೆಳಗಿನಿಂದ ಉದ್ದನೆಯ ಕೊಕ್ಕೆಯನ್ನು ತೂರಿಸಿ, ತಂತಿ ಎಳೆಯುತ್ತಿದ್ದ ದಿಕ್ಕಿಗೇ ಅಗುಳಿಯನ್ನು ಸರಿಸಬೇಕು. ಎಂಜಿನ್ ನಿಂತು ತಣ್ಣಗಾಗಿರಲಿ. ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟಿರಲಿ. ಜ್ಯಾಕೊಂದನ್ನೇ ನಂಬಿ ಕಾರಿನಡಿ ನುಸುಳುವುದು ಪ್ರಾಣಕ್ಕೇ ಅಪಾಯ. ಭದ್ರವಾದ ಆಧಾರಗಳ ಮೇಲೆ ಕಾರನ್ನು ಕೂರಿಸದೆ ಯಾರೂ ಕೆಳಗೆ ಹೋಗಬಾರದು.

ಬಾನೆಟ್ ತೆರೆಯಿತು ಎಂದ ಮಾತ್ರಕ್ಕೆ ದುರಸ್ತಿ ಮುಗಿಯಲಿಲ್ಲ; ಈಗ ಆರಂಭವಾಯಿತು. ಸಂತೋಷದಿಂದ ಅದನ್ನು ಕೂಡಲೆ ಮುಚ್ಚಿಬಿಟ್ಟರೆ ಹಳೆಯ ಕಷ್ಟವೇ ಮರುಕಳಿಸಬಹುದು. ತೆರೆದಿರುವಾಗಲೇ ಒಬ್ಬರು ಹಿಡಿಯನ್ನೆಳೆದು, ಅಗುಳಿಯು ಪೂರ್ತಿ ಸರಿದು ತಾನಾಗಿ ಮರಳುತ್ತದೆಯೇ ಎಂಬುದನ್ನು ಮತ್ತೊಬ್ಬರು ನೋಡಬೇಕು. ಚಿಲಕವನ್ನು ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಗ್ರೀಸ್ ಸವರಬೇಕು. ಎಳೆ ಬಿಟ್ಟ ತಂತಿಯನ್ನು ಬದಲಿಸಿ, ಹೊಸದನ್ನು ಆದಷ್ಟು ಕಡಿಮೆ ಬಾಗುಗಳಿರುವಂತೆ ಒಯ್ಯಬೇಕು. ಬಾಗು ಹೆಚ್ಚಿದಷ್ಟೂ ಘರ್ಷಣೆ ಹೆಚ್ಚುತ್ತದೆ. ಗೂಟದ ಎತ್ತರವನ್ನು ತಿರುಪಿನಿಂದ ಹೊಂದಿಸಬಹುದು: ಬಿಗಿ ಅತಿಯಾದರೆ ಅಗುಳಿ ಸರಿಯದು, ಕಡಿಮೆಯಾದರೆ ಬಾನೆಟ್ ಗಡಗಡಿಸುತ್ತದೆ. ಜಾಣರಾದ ಎಂಜಿಬಿ ಮಾಲೀಕರು ಅಗುಳಿಗೆ ಎರಡನೆಯ ತಂತಿಯೊಂದನ್ನು ಕಟ್ಟಿ, ಹೊರಗಿನಿಂದ ಕೈಗೆಟಕುವ ಗುಪ್ತ ಸ್ಥಳದಲ್ಲಿ ಇಟ್ಟಿರುತ್ತಾರೆ.

ತೆರೆಯದ ಚಿಲಕ ತೊಂದರೆ ಕೊಡುತ್ತದೆ. ತಾನಾಗಿ ತೆರೆಯುವ ಚಿಲಕ ಪ್ರಾಣವನ್ನೇ ತೆಗೆಯಬಹುದು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಎದುರುಗಾಳಿಯ ಒತ್ತಡವು ಒಂದು ಚದರ ಮೀಟರಿಗೆ ಸುಮಾರು 30 ಕಿಲೋಗ್ರಾಂ ತೂಕದಷ್ಟಿರುತ್ತದೆ; ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿ. ಅಂಚು ಎದ್ದ ಬಾನೆಟನ್ನು ಗಾಳಿ ಮೇಲಕ್ಕೆತ್ತಿ ಚಾಲಕನ ಕಣ್ಣಿಗೆ ಅಡ್ಡಲಾಗಿ ನಿಲ್ಲಿಸುತ್ತದೆ. ಇದಕ್ಕೋಸ್ಕರವೇ ಚಿಲಕದ ಬಳಿ ರಕ್ಷಣೆಯ ಕೊಕ್ಕೆಯೊಂದು ಬೇರೆಯಾಗಿ ಇರುತ್ತದೆ. ಅಮೆರಿಕದಲ್ಲಿ 1969ರಲ್ಲಿ ಜಾರಿಗೆ ಬಂದ 113ನೆಯ ಸುರಕ್ಷತಾ ನಿಯಮವು, ಮುಂಬದಿಯಿಂದ ತೆರೆದು ನೋಟಕ್ಕೆ ಅಡ್ಡ ಬರಬಲ್ಲ ಬಾನೆಟಿಗೆ ಇಂಥ ಎರಡನೆಯ ಹಿಡಿತವಿರಲೇಬೇಕೆಂದು ವಿಧಿಸಿತು. ತೆರೆಯಲು ತೊಡಕೆಂದು ಈ ಕೊಕ್ಕೆಯನ್ನು ಕಿತ್ತುಹಾಕುವುದನ್ನು ನಾವು ದುರಸ್ತಿಯೆಂದು ಕರೆಯಲಾರೆವು.

ಹಳೆಯ ಕಾರು ಉಳ್ಳವರ ಹವ್ಯಾಸ, ವಿದ್ಯಾರ್ಥಿಗಳಿಗೆ ಅದರಿಂದೇನು ಎಂದು ಯಾರಾದರೂ ಕೇಳಬಹುದು. ಕಾರಿನ ಒಡೆತನ ಕೆಲವರದು. ಚಿಲಕದ ತರ್ಕ ಎಲ್ಲರದು. ಘರ್ಷಣೆ, ಎಳೆತ, ತುಕ್ಕು, ವಾಯುವಿನ ಒತ್ತಡ ಇವೆಲ್ಲ ಪರೀಕ್ಷೆಗಾಗಿ ಕಂಠಪಾಠ ಮಾಡುವ ಬೇರೆ ಬೇರೆ ಅಧ್ಯಾಯಗಳಲ್ಲ. ಒಂದೇ ಚಿಲಕದಲ್ಲಿ ಒಟ್ಟಿಗೆ ಕೆಲಸ ಮಾಡುವ ಶಕ್ತಿಗಳು. ಭಾರತ ಸರ್ಕಾರವು 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗಾಗಿ ಜಾಲತಾಣವೊಂದನ್ನು ಆರಂಭಿಸಿದುದು ಸ್ವಾಗತಾರ್ಹ. ಆದರೆ ಹಕ್ಕು ಕಾಗದದಲ್ಲಿದ್ದರೆ ಸಾಲದು; ಬಳಸುವ ಕೈಗಳೂ ಬೇಕು. ನಮ್ಮ ಪ್ರೌಢಶಾಲೆಗಳ ಪ್ರಯೋಗಾಲಯಗಳಲ್ಲಿ ಒಂದು ಹಳೆಯ ಚಿಲಕ, ಒಂದು ಬ್ರೇಕ್ ಕೇಬಲ್, ಒಂದಿಷ್ಟು ಕೀಲೆಣ್ಣೆ ಇರಲಿ. ಕೆಟ್ಟುದು ಏಕೆ ಕೆಟ್ಟಿತೆಂದು ಕೇಳಿ, ಕಂಡುಹಿಡಿದು, ಸರಿಪಡಿಸಿದ ವಿದ್ಯಾರ್ಥಿಯು ಆ ದಿನ ಕಲಿತ ಭೌತಶಾಸ್ತ್ರವನ್ನು ಸುಲಭವಾಗಿ ಮರೆಯನು.