ಕಡಲ ದಂಡೆಯ ಮಾಯಾಬಜಾರು

ಊರು ಬೆಳೆದು ಬಂದರಾಗುವುದು ಲೋಕರೂಢಿ. ಮೆಕ್ಸಿಕೋದ ಕೆರಿಬಿಯನ್ ಕರಾವಳಿಯ ಕೋಸ್ಟಾ ಮಾಯಾ ಹಾಗಲ್ಲ. 2001ರಲ್ಲಿ ವಿಹಾರನೌಕೆಗಳಿಗೆಂದೇ ಕಟ್ಟಿದ ಬಂದರು ಅದು. ‘ಮಾಯಾ’ ಎಂಬುದು ಅಲ್ಲಿನ ಪ್ರಾಚೀನ ಜನಾಂಗದ ಹೆಸರು. ನಮ್ಮ ಕಿವಿಗೆ ಬೇರೆ ಅರ್ಥ ಹೊಳೆದರೆ ಆಶ್ಚರ್ಯವಿಲ್ಲ. ಹಡಗಿನಿಂದಿಳಿದ ಪ್ರವಾಸಿಗೆ ಎದುರಾಗುವುದು ಈಜುಕೊಳ, ಪಾನಗೃಹ, ಅಂಗಡಿಗಳ ಸಾಲು. ಹಲವರ ಪಾಲಿಗೆ ಅಷ್ಟೇ ಮೆಕ್ಸಿಕೋ. ಹಡಗು ಹೊರಟರೆ ಪೇಟೆ ಬರಿದು.

ಬೆಸ್ತರ ಹಳ್ಳಿ ಮಹಾವಾಲ್ ಇರುವುದು ಅದರಾಚೆ. ಬಲೆ ಬಿಟ್ಟು ಹಡಗನ್ನೇ ನಂಬಿದವರು ಅಲ್ಲುಂಟು. 2007ರ ಆಗಸ್ಟಿನಲ್ಲಿ ‘ಡೀನ್’ ಚಂಡಮಾರುತವು ಹಡಗುಕಟ್ಟೆಯನ್ನು ಮುರಿಯಿತು. ಮರುವರ್ಷ ಬಂದರು ತೆರೆಯುವವರೆಗೆ ಅವರ ಅನ್ನಕ್ಕೂ ಕಲ್ಲು ಬಿದ್ದಿತು.

ಅತಿಥಿಗಾಗಿ ಕಟ್ಟಿದ ಪೇಟೆಯಲ್ಲಿ ಆತಿಥೇಯನಿಗೂ ಒಂದು ಬಾಗಿಲಿರಬೇಕಷ್ಟೆ. ಅತ್ತ ಹೋಗುವ ವಾಚಕರು ಬಂದರಿನ ಪೇಟೆಯನ್ನು ದಾಟಿ, ಹಳ್ಳಿಯವರ ಅಂಗಡಿಯಲ್ಲಿ ಒಂದು ಎಳನೀರನ್ನಾದರೂ ಕುಡಿಯಲಿ.