ಕನ್ನಡಕ್ಕೆ ಪ್ರತ್ಯೇಕ ಆಪರೇಟಿಂಗ್ ಸಿಸ್ಟಂ ಬೇಕಿಲ್ಲ

ಗಣಕದ ಯಂತ್ರಭಾಗಗಳಿಗೂ ಬಳಕೆಯ ತಂತ್ರಾಂಶಗಳಿಗೂ ನಡುವೆ ನಿಂತು ಎರಡನ್ನೂ ನಡೆಸುವ ಆಪರೇಟಿಂಗ್ ಸಿಸ್ಟಂ, ಲಿನಕ್ಸ್‌ನಂತಹ ಮುಕ್ತ ವ್ಯವಸ್ಥೆಯಾಗಿದ್ದರೆ, ಅದರ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಿ ತಿದ್ದಬಹುದು. ಹೀಗಿರುವಾಗ ಕನ್ನಡಕ್ಕೆಂದೇ ಅಂಥದೊಂದನ್ನು ಸರ್ಕಾರ ಏಕೆ ಕಟ್ಟಿಸಬಾರದು ಎಂಬ ಪ್ರಶ್ನೆ ಅಭಿಮಾನಿಗಳಿಗೆ ರುಚಿಸುತ್ತದೆ. ಆದರೆ ಗಣಕದಲ್ಲಿ ಕನ್ನಡ ಅನುಭವಿಸಿದ ಕಷ್ಟ ಬಂದದ್ದು ಶಿಷ್ಟತೆಯನ್ನು, ಎಂದರೆ ಎಲ್ಲ ತಂತ್ರಾಂಶಗಳೂ ಪಾಲಿಸಬೇಕಾದ ಸಮಾನ ನಿಯಮವನ್ನು, ಕಡೆಗಣಿಸಿದ್ದರಿಂದ.

ಜಗತ್ತಿನ ಲಿಪಿಗಳಿಗೆಲ್ಲ ಪ್ರತ್ಯೇಕ ಸಂಕೇತಗಳನ್ನು ಕೊಡುವ ಯುನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೂ ಸ್ಥಾನ ನೀಡಿತ್ತು. ಆದರೂ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿ ಸರ್ಕಾರ ಒಪ್ಪಿಕೊಂಡ ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳು ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ತುಣುಕುಗಳನ್ನು ಕೂರಿಸಿದವು. ಬಳಕೆದಾರರು ಇದನ್ನೇ ‘ಆಸ್ಕಿ’ ಎನ್ನುತ್ತಾರೆ. ರಾಜ್ಯದೊಳಗಿನ ಬೆರಳಚ್ಚಿಗೆ ಇದರಿಂದ ಒಂದು ಶಿಸ್ತು ಬಂದದ್ದು ನಿಜ, ಆದರೆ ಆ ಶಿಸ್ತು ರಾಜ್ಯದ ಗಡಿ ದಾಟಲಿಲ್ಲ. ಗಂಗಾವತಿ ತಾಲ್ಲೂಕಿನ ಹನುಮನಹಳ್ಳಿಯ ಹೆಸರನ್ನು ಆಸ್ಕಿಯಲ್ಲಿ ಬೆರಳಚ್ಚಿಸಿದ ಕಡತ, ಆ ಫಾಂಟ್ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ರೋಮನ್ ಗುರುತುಗಳ ಸಾಲಾಗಿ ತೆರೆದುಕೊಳ್ಳುತ್ತದೆ. ಅದೇ ಹೆಸರನ್ನು ಯುನಿಕೋಡ್‌ನಲ್ಲಿ ಹುಡುಕಿದರೆ ಆ ಕಡತ ಸಿಗುವುದೇ ಇಲ್ಲ. ನುಡಿಗೆ ಮುಂದೆ ಯುನಿಕೋಡ್ ಬಂದರೂ ಡಿಟಿಪಿ ಅಂಗಡಿಗಳ ರೂಢಿ ಪೂರ್ತಿ ಬದಲಾಗಿಲ್ಲ.

ಪ್ರತ್ಯೇಕ ವ್ಯವಸ್ಥೆ ಕಟ್ಟದೆ ಕೆಲಸದ ವ್ಯಾಪ್ತಿಯನ್ನು ಮಿತಿಗೊಳಿಸುವುದು ಕನ್ನಡದ ಬಗೆಗಿನ ಉದಾಸೀನವಲ್ಲ. ಕೇಂದ್ರ ಸರ್ಕಾರದ ಗಣಕ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ 2007ರಲ್ಲಿ ಹೊರತಂದ ‘ಬಾಸ್’ ಲಿನಕ್ಸ್, ಡೆಬಿಯನ್ ಎಂಬ ಮುಕ್ತ ಲಿನಕ್ಸ್ ವ್ಯವಸ್ಥೆಯ ಅಡಿಪಾಯವನ್ನು ಹಾಗೆಯೇ ಇಟ್ಟುಕೊಂಡು ಭಾರತೀಯ ಭಾಷೆಗಳ ಅಳವಡಿಕೆಯತ್ತ ಗಮನ ಕೊಟ್ಟಿತು. ಒತ್ತಕ್ಷರಗಳನ್ನು ಪರದೆಯ ಮೇಲೆ ಜೋಡಿಸುವ ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶದಲ್ಲಿ ಅರ್ಕಾವತ್ತಿನ ದೋಷವೊಂದನ್ನು ತಿದ್ದಿದರೆ ಫೈರ್‌ಫಾಕ್ಸ್, ಲಿಬ್ರೆ ಆಫೀಸ್, ಆಂಡ್ರಾಯ್ಡ್ ಮೂರಕ್ಕೂ ಅದು ತಲುಪುತ್ತದೆ. ‘ಕನ್ನಡದ ವ್ಯವಸ್ಥೆ’ಯೊಳಗೆ ಮಾತ್ರ ತಿದ್ದಿದರೆ ಪ್ರತಿ ಹೊಸ ಆವೃತ್ತಿಗೂ ಅದೇ ತೇಪೆಯನ್ನು ಮತ್ತೆ ಹಚ್ಚುತ್ತಿರಬೇಕು. ‘ಇದು ನಮ್ಮ ವ್ಯಾಪ್ತಿಗೆ ಬಾರದು’ ಎಂಬ ಅಭಿವರ್ಧಕರ ಉತ್ತರ ಕೇಳುವವರಿಗೆ ಉದ್ಧಟತನವಾಗಿ ತೋರುತ್ತದೆ (ಕೆಲವೊಮ್ಮೆ ಅದು ಉದ್ಧಟತನವೇ), ಆದರೂ ಅನೇಕ ಸಲ ದೋಷವನ್ನು ಎಲ್ಲಿ ತಿದ್ದಬೇಕೆಂಬ ಸೂಚನೆ ಅದರಲ್ಲೇ ಇರುತ್ತದೆ.

ಪರದೇಶದವರು ರೂಪಿಸಿದ ಶಿಷ್ಟತೆಗೆ ಏಕೆ ಮಣಿಯಬೇಕು ಎಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಹಳಗನ್ನಡದ ೞ ಅಕ್ಷರಕ್ಕೆ ಯುನಿಕೋಡ್ ‘ಫ’ ಎಂಬ ತಪ್ಪು ಹೆಸರಿಟ್ಟಿದ್ದು, ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ಅದು ಹಾಗೆಯೇ ಉಳಿದಿದೆ. ಅಕ್ಷರಕ್ಕೆ ಮಾತ್ರ ಕುಂದಿಲ್ಲ. ಹಳೆಯ ಬರಹಗಳ ನಕಾರ ಪೊಲ್ಲು, ಎಂದರೆ ಸ್ವರವಿಲ್ಲದ ನಕಾರದ ವಿಶಿಷ್ಟ ರೂಪ, 2021ರ 14ನೇ ಆವೃತ್ತಿಯಲ್ಲಿ ಸೇರಿತು. ಸಾಕ್ಷ್ಯ ಒದಗಿಸಿ ಪ್ರಸ್ತಾವ ಮಂಡಿಸುವವರಿಗೆ ಅಲ್ಲಿ ದಾರಿಯುಂಟು. ‘ಕವಿರಾಜಮಾರ್ಗ’ ಹೆಸರಿಸುವ ಕೊಪಣದ, ಎಂದರೆ ಇಂದಿನ ಕೊಪ್ಪಳದ, ಹಳಗನ್ನಡ ಶಾಸನಗಳನ್ನು ಗಣಕಕ್ಕೆ ಏರಿಸುವವರಿಗೆ ಇಂಥ ಅಕ್ಷರಗಳು ಬೇಕು.

ಸರ್ಕಾರ ಹಣ ವ್ಯಯಿಸುವುದಾದರೆ ತಾಲ್ಲೂಕು ಕಚೇರಿಗಳ ಹಳೆಯ ಆಸ್ಕಿ ಕಡತಗಳನ್ನು ಯುನಿಕೋಡ್‌ಗೆ ಪರಿವರ್ತಿಸಿ ಕರಡು ತಿದ್ದಿಸಲಿ, ಯುನಿಕೋಡ್‌ಗೆ ಒಗ್ಗದ ತಂತ್ರಾಂಶವನ್ನು ಟೆಂಡರಿನಲ್ಲೇ ತಿರಸ್ಕರಿಸಲಿ, ಹಾರ್ಫ್‌ಬಝ್‌ನಂತಹ ಮೂಲ ಯೋಜನೆಗಳಲ್ಲಿ ಕನ್ನಡದ ದೋಷಗಳನ್ನು ತಿದ್ದುವ ಕೆಲವರಿಗಾದರೂ ಸಂಬಳ ಕೊಡಲಿ.